ಒಂಟಿಯಾಗಿರುವುದನ್ನು ಮರಿಗೆ ಕಲಿಸೋಣ

ಕೇಳುಗರಿಗೆ ನಮಸ್ಕಾರ.

ಹೊಸದಾಗಿ ನಾಯಿಮರಿ ತಂದ ಮನೆಯಲ್ಲಿ ಮೊದಲ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಇರುವುದಿಲ್ಲ. ಹಗಲೆಲ್ಲ ಕುಣಿದಾಡಿದ ಮರಿ ದೀಪ ಆರಿಸಿದ ಕೂಡಲೇ ಕುಂಯ್‌ಗುಡಲು ಶುರು ಮಾಡುತ್ತದೆ. ಸ್ವಲ್ಪ ಹೊತ್ತಿಗೆ ಅದು ಜೋರು ಅಳುವಾಗುತ್ತದೆ. ಆಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಅಳಲಿ ಬಿಡಿ, ಎರಡು ದಿನಕ್ಕೆ ತಾನೇ ಸುಮ್ಮನಾಗುತ್ತೆ." ದಯವಿಟ್ಟು ಈ ಮಾತು ಕೇಳಬೇಡಿ. ಯಾಕೆ ಅಂತ ಹೇಳುತ್ತೇನೆ.

ಮರಿಯ ಕಡೆಯಿಂದ ಸ್ವಲ್ಪ ನೋಡೋಣ. ಸಾಮಾನ್ಯವಾಗಿ 8 ವಾರ ತುಂಬಿದ ಮೇಲೆ ಮರಿ ಹೊಸ ಮನೆಗೆ ಬರುತ್ತದೆ. ಅಲ್ಲಿಯವರೆಗೆ ಅದು ಒಂಟಿಯಾಗಿ ಮಲಗಿದ್ದೇ ಇಲ್ಲ. ತಾಯಿಯ ಹೊಟ್ಟೆಗೆ ಒತ್ತಿಕೊಂಡು, ಉಳಿದ ಮರಿಗಳ ಮೇಲೆ ಬಿದ್ದುಕೊಂಡು ಮಲಗಿದೆ. ಒಂದೇ ದಿನದಲ್ಲಿ ಆ ಬಿಸುಪು, ಆ ವಾಸನೆ, ಆ ಉಸಿರಿನ ಸದ್ದು ಎಲ್ಲ ಇಲ್ಲವಾಯಿತು. ಇಷ್ಟು ಚಿಕ್ಕ ಮರಿ ತಾಯಿಯಿಂದ ದೂರವಾದರೆ ಬದುಕುವುದು ಕಷ್ಟ. ಹಾಗಾಗಿ ಕೂಗಿ ಕರೆಯುವುದು ಅದರ ಹುಟ್ಟುಗುಣ. ಅದು ಹಟ ಅಲ್ಲ, ಭಯ.

ಈ ಭಯ ಎಷ್ಟು ಆಳದ್ದು ಅನ್ನುವುದಕ್ಕೆ ಒಂದು ಸಂಗತಿ ಹೇಳಬೇಕು. ಯಾಕ್ ಪ್ಯಾಂಕ್ಸೆಪ್ ಅನ್ನುವ ನರವಿಜ್ಞಾನಿ ಮತ್ತು ಅವರ ಜೊತೆಯವರು 1970ರ ದಶಕದಲ್ಲಿ ಮರಿಗಳ ಈ ಅಳುವನ್ನೇ ಅಧ್ಯಯನ ಮಾಡಿದರು. ನೋವು ತಗ್ಗಿಸಲು ಕೊಡುವ ಮಾರ್ಫಿನ್ ಔಷಧಿಯನ್ನು ತೀರಾ ಕಡಿಮೆ ಪ್ರಮಾಣದಲ್ಲಿ ಕೊಟ್ಟಾಗ ಒಂಟಿ ಬಿಟ್ಟ ಮರಿಗಳ ಅಳು ಕಡಿಮೆಯಾಯಿತು. ಅಂದರೆ ಅಗಲಿಕೆಯ ಸಂಕಟಕ್ಕೂ ಮೈನೋವಿಗೂ ಮಿದುಳಿನಲ್ಲಿ ನಂಟಿದೆ. ನೋವಿನಿಂದ ಅಳುವ ಮರಿಯನ್ನು ನಾವು ಬಾಗಿಲು ಹಾಕಿ ಬಿಟ್ಟು ಹೋಗುತ್ತೇವಾ? ಇಲ್ಲ ಅಲ್ವಾ? ಅತ್ತೂ ಅತ್ತೂ ಸುಸ್ತಾಗಿ ಸುಮ್ಮನಾದ ಮರಿ ಧೈರ್ಯ ಕಲಿತಿದೆ ಅಂತ ಹೇಳಲಾಗದು. ಕರೆದರೂ ಯಾರೂ ಬರುವುದಿಲ್ಲ ಅನ್ನುವುದನ್ನೂ ಅದು ಕಲಿತಿರಬಹುದು.

ಹಾಗಾಗಿ ಮೊದಲ ಕೆಲವು ರಾತ್ರಿ ಮರಿಯ ಹಾಸಿಗೆ ನಿಮ್ಮ ಹಾಸಿಗೆಯ ಪಕ್ಕದಲ್ಲೇ ಇರಲಿ. ಎಚ್ಚರವಾಗಿ ಕುಂಯ್ ಅಂದರೆ ಕೈ ಇಳಿಬಿಟ್ಟು ಮುಟ್ಟಿ, ಅಷ್ಟು ಸಾಕು. ನಡುರಾತ್ರಿ ಅತ್ತರೆ ಮೂತ್ರದ ಅವಸರವೂ ಇರಬಹುದು. ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಜಾಸ್ತಿ ತಡೆದುಕೊಳ್ಳಲಾರದು. ಹೊರಗೆ ಕರೆದುಕೊಂಡು ಹೋಗಿ, ಆಟ ಆಡಿಸದೆ, ಮತ್ತೆ ತಂದು ಮಲಗಿಸಿ. ರಾತ್ರಿಗಳು ಶಾಂತವಾದ ಮೇಲೆ ಅದರ ಹಾಸಿಗೆಯನ್ನು ದಿನಕ್ಕಿಷ್ಟು ದೂರ ಸರಿಸುತ್ತಾ ಬನ್ನಿ. ನಿಮ್ಮ ಕೋಣೆಯಲ್ಲೇ ಮಲಗಲಿ ಅನಿಸಿದರೆ ಅದರಲ್ಲೂ ತಪ್ಪಿಲ್ಲ.

ನಿಜವಾದ ಪಾಠ ನಡೆಯುವುದು ಹಗಲಿನಲ್ಲಿ. ಒಂಟಿಯಾಗಿರುವುದು ಕಲಿಸಿದರೆ ಬರುವ ವಿದ್ಯೆ. ಮಗುವಿಗೆ ಈಜು ಕಲಿಸುವವರು ಮೊದಲ ದಿನವೇ ಆಳದ ನೀರಿಗೆ ತಳ್ಳುವುದಿಲ್ಲವಷ್ಟೇ. ಇಲ್ಲೂ ಹಾಗೆಯೇ. ಬಾಗಿಲಿಗೆ ಅಡ್ಡವಾಗಿ ಒಂದು ಪುಟ್ಟ ಗೇಟು ಇಡಿ. ಮರಿ ಆ ಕಡೆ, ನೀವು ಈ ಕಡೆ, ಕಣ್ಣಿಗೆ ಕಾಣುವಷ್ಟು ಹತ್ತಿರ. ಒಂದು ಹೆಜ್ಜೆ ಹಿಂದೆ ಹೋಗಿ, ತಕ್ಷಣ ಬನ್ನಿ. ಮರಿ ತಲೆ ಎತ್ತಿ ನೋಡಿತು, ಅಷ್ಟೇ ತಾನೇ? ಹಾಗಾದರೆ ಸರಿಯಿದೆ. ಆಮೇಲೆ ಕಣ್ಮರೆಯಾಗಿ ಐದು ಸೆಕೆಂಡು. ಆಮೇಲೆ ಹತ್ತು. ನಡುವೆ ಮತ್ತೆ ಮೂರು ಸೆಕೆಂಡು. ಸಮಯ ಬರೀ ಏರುತ್ತಾ ಹೋದರೆ ಪ್ರತಿ ಸಲವೂ ಹಿಂದಿನದಕ್ಕಿಂತ ಕಷ್ಟವೇ ಅನ್ನುವುದು ಮರಿಗೆ ಬೇಗ ತಿಳಿದುಹೋಗುತ್ತದೆ. ಅದಕ್ಕೇ ಏರುಪೇರು ಇರಲಿ. ಮರಿ ಅಳುವುದಕ್ಕೆ ಮೊದಲೇ ನೀವು ವಾಪಸ್ ಬಂದಿರಬೇಕು. ಈ ಇಡೀ ವಿಷಯದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಅಕಸ್ಮಾತ್ ಅತ್ತೇಬಿಟ್ಟರೆ? ಹೋಗಿ ಸಮಾಧಾನ ಮಾಡಿದರೆ ಅಳುವುದು ಚಟವಾಗುತ್ತದೆ ಅಂತ ಹೆದರುವವರಿದ್ದಾರೆ. ಸಮಾಧಾನ ಮಾಡಿದ್ದಕ್ಕೆ ಭಯ ಹೆಚ್ಚುವುದಿಲ್ಲ. ಹೋಗಿ ಮುಟ್ಟಿ ಸಮಾಧಾನ ಮಾಡಿ. ಮರಿ ಅತ್ತಿತು ಅಂದರೆ ನಾವು ಕೊಟ್ಟ ಪಾಠ ಸ್ವಲ್ಪ ದೊಡ್ಡದಾಯಿತು ಅಂತ ಅರ್ಥ. ಮುಂದಿನ ಸಲ ಸಮಯ ಕಡಿಮೆ ಮಾಡಿ.

ನಾವು ಹೊರಡುವ ಮುನ್ನ ಮಾಡುವ ಕೆಲಸಗಳನ್ನು ಮರಿ ತುಂಬಾ ಚೆನ್ನಾಗಿ ಗಮನಿಸುತ್ತದೆ. ಬೀಗದ ಕೈ ಸದ್ದಾಯಿತು, ಚಪ್ಪಲಿ ಮೆಟ್ಟಿದರು, ಇನ್ನು ಹೋಗುತ್ತಾರೆ ಅಂತ ಅದಕ್ಕೆ ಲೆಕ್ಕ ಸಿಕ್ಕಿಬಿಡುತ್ತದೆ. ಆಗಿನಿಂದಲೇ ಅದರ ಎದೆ ಹೊಡೆದುಕೊಳ್ಳಲು ಶುರು. ಅದಕ್ಕೆ ಸುಮ್ನೆ ಬೀಗದ ಕೈ ತೆಗೆದುಕೊಂಡು ಬಂದು ಕುರ್ಚಿಯಲ್ಲಿ ಕೂತುಬಿಡಿ. ಚಪ್ಪಲಿ ಮೆಟ್ಟಿ ಪಾತ್ರೆ ತೊಳೆಯಿರಿ. ಬಾಗಿಲು ತೆಗೆದು ಮತ್ತೆ ಮುಚ್ಚಿ, ಎಲ್ಲಿಗೂ ಹೋಗಬೇಡಿ. ದಿನಾ ಹೀಗೆ ಮಾಡುತ್ತಿದ್ದರೆ ಆ ಸದ್ದುಗಳಿಗೆ ಮೊದಲಿನ ಬೆಲೆ ಉಳಿಯುವುದಿಲ್ಲ.

ನಿಜವಾಗಿ ಹೊರಗೆ ಹೋಗುವ ಹಂತ ಬಂದಾಗ ಮರಿಗೆ ನಿದ್ದೆ ಬರುವ ಹೊತ್ತು ನೋಡಿ ಹೊರಡಿ. ಮರಿಗಳು ದಿನದಲ್ಲಿ ಬಹಳ ಹೊತ್ತು ಮಲಗುತ್ತವೆ, ಹಾಗಾಗಿ ಅಂಥ ಹೊತ್ತು ಸಿಗುವುದು ಕಷ್ಟವಲ್ಲ. ಆಟ ಆಗಿರಲಿ, ಊಟ ಆಗಿರಲಿ, ಮೂತ್ರ ಆಗಿರಲಿ. ನೆಕ್ಕುತ್ತಾ ಕಚ್ಚುತ್ತಾ ಇರಲು ತಿನಿಸು ತುಂಬಿದ ಒಂದು ಆಟಿಕೆ ಕೊಟ್ಟು ಹೋಗಿ. ಹಳೆಯ ಮೊಬೈಲನ್ನು ಕ್ಯಾಮರಾದಂತೆ ಒಂದು ಕಡೆ ಇಟ್ಟರೆ ಒಳಗೆ ಏನಾಗುತ್ತಿದೆ ಅಂತ ನೋಡಬಹುದು. ಆಟಿಕೆಯಲ್ಲಿನ ತಿನಿಸನ್ನು ಮೂಸಿಯೂ ನೋಡದೆ ಬಾಗಿಲ ಬಳಿ ಏದುಸಿರು ಬಿಡುತ್ತಾ ಓಡಾಡುತ್ತಿದ್ದು, ನೀವು ಬಂದ ಮೇಲಷ್ಟೇ ತಿಂದರೆ, ಅದಕ್ಕೆ ಭಯ ಇನ್ನೂ ಹೋಗಿಲ್ಲ. ಭಯವಾಗುವ ಮರಿಗಳಲ್ಲಿ ಇದು ಬಹುಮಟ್ಟಿಗೆ ಮೊದಲ ಅರ್ಧ ಗಂಟೆಯೊಳಗೇ ಕಾಣಿಸಿಕೊಳ್ಳುತ್ತದೆ. ಆ ಅರ್ಧ ಗಂಟೆಯನ್ನು ನೆಮ್ಮದಿಯಿಂದ ದಾಟಿದ ಮರಿಗೆ ಮುಂದಿನ ಸಮಯ ಹೆಚ್ಚಿಸುವುದು ಸುಲಭ.

ವಾಪಸ್ ಬಂದಾಗ ದಿಂಬು ಹರಿದಿರಬಹುದು, ನೆಲ ಒದ್ದೆಯಾಗಿರಬಹುದು. ಬೈಯಬೇಡಿ. "ತಪ್ಪು ಮಾಡಿದೆ ಅಂತ ಅದಕ್ಕೇ ಗೊತ್ತು, ಮುಖ ನೋಡಿ" ಅನ್ನುತ್ತಾರಲ್ಲ, ಅದನ್ನು ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ವಿಜ್ಞಾನಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ನಾಯಿ ನಿಜವಾಗಿ ತಪ್ಪು ಮಾಡಿತ್ತೋ ಇಲ್ಲವೋ, ಆ ಮುಖ ಕಂಡದ್ದು ಯಜಮಾನರು ಬೈದಾಗ. ಹೆದರಿ ದಿಂಬು ಹರಿದ ಮರಿಗೆ ಬೈದರೆ, ಒಂಟಿಯಾಗಿರುವ ಭಯದ ಜೊತೆಗೆ ನೀವು ಬರುವ ಭಯವೂ ಸೇರುತ್ತದೆ.

ಜೊತೆಗೆ ಇನ್ನೊಂದು ನಾಯಿ ತಂದರೆ ಸರಿಹೋಗುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಬಹಳಷ್ಟು ಸಲ ಸರಿಹೋಗುವುದಿಲ್ಲ. ಹಂಗೇರಿಯ ಬುಡಾಪೆಸ್ಟ್‌ನ ಸಂಶೋಧಕರು ಪುಟ್ಟ ಮಕ್ಕಳಿಗೆ ತಾಯಿಯ ಜೊತೆ ಇರುವ ನಂಟನ್ನು ಅಳೆಯುವ ಪರೀಕ್ಷೆಯನ್ನೇ ನಾಯಿಗಳಿಗೆ ಮಾಡಿ 1998ರಲ್ಲಿ ಪ್ರಕಟಿಸಿದರು. ನಾಯಿಗೂ ಅದರ ಮನುಷ್ಯರಿಗೂ ಇರುವ ನಂಟು ಅದೇ ಬಗೆಯದು ಅಂತ ಅದರಲ್ಲಿ ಕಂಡುಬಂತು. ಮರಿ ಹುಡುಕುತ್ತಿರುವುದು ನಿಮ್ಮನ್ನು.

ಇದರಲ್ಲಿ ಕಷ್ಟದ ಭಾಗ ಒಂದಿದೆ. ಕಲಿಕೆ ನಡೆಯುವಷ್ಟು ದಿನ ಮರಿಯನ್ನು ಅದು ತಾಳುವುದಕ್ಕಿಂತ ಜಾಸ್ತಿ ಹೊತ್ತು ಒಂಟಿ ಬಿಡಬಾರದು. ಬೆಳಿಗ್ಗೆ ಹತ್ತು ಸೆಕೆಂಡಿನ ಪಾಠ ಮಾಡಿ, ಮಧ್ಯಾಹ್ನ ನಾಲ್ಕು ತಾಸು ಬಿಟ್ಟು ಹೋದರೆ ಕಲಿತದ್ದು ಉಳಿಯುವುದಿಲ್ಲ. ಆದ್ದರಿಂದ ಮರಿ ತರುವ ಮೊದಲೇ ರಜೆ ಹಾಕಿಕೊಳ್ಳಿ, ಮನೆಯವರು ಸರದಿ ಮಾತಾಡಿಕೊಳ್ಳಿ, ಬಂದು ಕೂರುವ ಸ್ನೇಹಿತರನ್ನು ಕೇಳಿಕೊಳ್ಳಿ. ಈ ಏರ್ಪಾಡು ಆಗದಿದ್ದರೆ ಮರಿ ತರುವುದನ್ನು ಸ್ವಲ್ಪ ಮುಂದೂಡಿ ಅಂತಲೇ ನಾನು ಹೇಳುವುದು.

ಇಷ್ಟೆಲ್ಲ ಮಾಡಿಯೂ ವಾರಗಟ್ಟಲೆ ಮರಿ ಜೊಲ್ಲು ಸುರಿಸುತ್ತಾ, ಬಾಗಿಲು ಕೆರೆದು ಉಗುರು ಮುರಿದುಕೊಳ್ಳುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ. ಕ್ರೇಟಿನಲ್ಲಿ, ಅಂದರೆ ನಾಯಿಯನ್ನು ಇರಿಸುವ ಪಂಜರದಲ್ಲಿ, ಕೂಡಿಹಾಕಿದಾಗ ಹೀಗಾಗುತ್ತಿದ್ದರೆ ಕೂಡಿಹಾಕುವುದನ್ನು ಇವತ್ತೇ ನಿಲ್ಲಿಸಿ. ಬೆಳೆದ ನಾಯಿಗಳ ಈ ತೊಂದರೆಗೆ ಔಷಧಿಗಳೂ ಇವೆ. ಮರಿಗೆ ಬೇಕೋ ಬೇಡವೋ ಅನ್ನುವುದನ್ನು ವೈದ್ಯರೇ ಹೇಳಬೇಕು. ಔಷಧಿ ಕೊಟ್ಟರೂ ಈ ಪುಟ್ಟ ಪುಟ್ಟ ಪಾಠಗಳು ಜೊತೆಯಲ್ಲಿ ನಡೆಯಲೇಬೇಕು.

ಮನೆ ಬದಲಾದಾಗ, ಕಾಯಿಲೆ ಬಿದ್ದಾಗ ಕಲಿತ ಮರಿಯೂ ಮತ್ತೆ ಅಳಬಹುದು. ಆಗ ಗಾಬರಿ ಬೇಡ. ಮತ್ತೆ ಐದು ಸೆಕೆಂಡಿನಿಂದ ಶುರು ಮಾಡಿ, ಈ ಸಲ ಬೇಗ ಮುಂದೆ ಹೋಗುತ್ತದೆ.

ನಮಸ್ಕಾರ.