ಒಂದೂವರೆ ಎಕರೆ ತುಂಬದ ತೋಟದಲ್ಲಿ ದಾರಿ ತಪ್ಪುವುದು ಹೇಗೆ? | ಸುಝೌ ವ್ಲಾಗ್

ಈ ಗೋಡೆ ನೋಡಿ. ಬಿಳಿ ಸುಣ್ಣ, ಮೇಲೆ ಕಪ್ಪು ಹೆಂಚಿನ ಸಾಲು, ಮುಂದೆ ಸ್ಕೂಟರ್ ನಿಲ್ಲಿಸುವ ಕಿರಿದಾದ ಓಣಿ. ಇದರ ಹಿಂದೆ ವಿಶ್ವ ಪರಂಪರೆಯ ತಾಣ ಇದೆ ಅಂದ್ರೆ ನಂಬೋದು ಕಷ್ಟ. ಹೊರಗಿನಿಂದ ಏನೂ ಕಾಣಬಾರದು ಅಂತಲೇ ಹೀಗೆ ಕಟ್ಟಿದ್ದಾರೆ.

ನಮಸ್ಕಾರ, ನಾನೀಗ ಚೀನಾದ ಸುಝೌ ಊರಲ್ಲಿದ್ದೇನೆ. ಶಾಂಘೈನಿಂದ ಬುಲೆಟ್ ರೈಲಿನಲ್ಲಿ ಅರ್ಧ ಗಂಟೆ. ಇಲ್ಲಿನ ಒಂಬತ್ತು ತೋಟಗಳು ಯುನೆಸ್ಕೋ ಪಟ್ಟಿಯಲ್ಲಿವೆ. ನಾಲ್ಕು 1997ರಲ್ಲಿ ಸೇರಿದವು, ಇನ್ನೈದು 2000ದಲ್ಲಿ. ತೋಟ ಅಂದ ಕೂಡಲೇ ಹೂವಿನ ಪಾತಿ, ಹುಲ್ಲುಹಾಸು ಅಂದುಕೊಳ್ಳಬೇಡಿ. ಇವು ಮನೆಗಳು. ನಿವೃತ್ತರಾದ, ಆಸ್ಥಾನದ ಜಗಳಕ್ಕೆ ಬೇಸತ್ತ ಅಧಿಕಾರಿಗಳು ಊರ ನಡುವೆಯೇ ಬೆಟ್ಟ ಬೇಕು, ಕೆರೆ ಬೇಕು ಅಂತ ಕಟ್ಟಿಸಿಕೊಂಡ ಮನೆಗಳು.

ಎಲ್ಲರೂ ಮೊದಲು ಓಡುವುದು ಜುವೊಜೆಂಗ್ ಯುವಾನ್ ಅನ್ನುವ ದೊಡ್ಡ ತೋಟಕ್ಕೆ. ಸುಮಾರು 13 ಎಕರೆ. ಮಿಂಗ್ ರಾಜವಂಶದ ಕಾಲದ ಅಧಿಕಾರಿ ವಾಂಗ್ ಶಿಯಾನ್‌ಚೆನ್ 1509ರ ಸುಮಾರಿಗೆ ಶುರು ಮಾಡಿದ್ದು. ಅವನು ಸತ್ತ ಮೇಲೆ ಮಗ ಇಡೀ ತೋಟವನ್ನು ಒಂದೇ ರಾತ್ರಿಯ ಜೂಜಿನಲ್ಲಿ ಕಳೆದನಂತೆ. ಧರ್ಮರಾಯ ಒಬ್ಬನೇ ಅಲ್ಲ ಬಿಡಿ.

ಇಲ್ಲಿ ನೀರಿನ ಆಚೆ, ಮರಗಳ ಸಂದಿಯಲ್ಲಿ ಪಗೋಡ ಕಾಣುತ್ತಿದೆಯಲ್ಲ, ಅದು ಈ ತೋಟದ್ದಲ್ಲ. ಹೊರಗೆ ದೂರದಲ್ಲಿರುವ ಬೌದ್ಧ ದೇವಾಲಯದ್ದು, 76 ಮೀಟರ್ ಎತ್ತರ. ಅದು ಕಾಣುವ ಹಾಗೆ ನಡುವಿನ ಜಾಗ ಖಾಲಿ ಬಿಟ್ಟಿದ್ದಾರೆ. ಪಕ್ಕದವರ ಗೋಪುರ, ಇವರ ನೋಟ!

ನನಗೆ ಇಷ್ಟವಾಗಿದ್ದು ಈ ಪುಟ್ಟ ಅಂಗಳ. ಮಳೆ ಕೇಳುವ ಕೋಣೆ ಅಂತ ಹೆಸರು. ಪಕ್ಕದಲ್ಲೇ ಬಾಳೆ ಗಿಡ. ಹಣ್ಣಿಗಲ್ಲ, ಊಟದ ಎಲೆಗೂ ಅಲ್ಲ. ಎಲೆ ಮೇಲೆ ಮಳೆ ಬಿದ್ದಾಗ ಪಟಪಟ ಅನ್ನುತ್ತಲ್ಲ, ಆ ಸದ್ದಿಗೆ. ಬಾಳೆ ಕಂಡರೆ ಗೊನೆ ಎಣಿಸುವ ನಮ್ಮಂಥವರಿಗೆ ಇದು ಸ್ವಲ್ಪ ಜಾಸ್ತಿಯೇ ಅನ್ನಿಸಬಹುದು. ಅವರು ಇನ್ನೂ ಮುಂದೆ ಹೋಗಿದ್ದಾರೆ. ಒಣಗಿದ ತಾವರೆ ಎಲೆಗಳ ಮೇಲೆ ಬೀಳುವ ಮಳೆ ಕೇಳಲು ಬೇರೆಯೇ ಒಂದು ಮಂಟಪ ಇದೆ.

ಜನ ಮಾತ್ರ ವಿಪರೀತ. ಮೈಕ್ ಹಿಡಿದ ಗೈಡ್‌ಗಳು, ಹಳೇ ಕಾಲದ ಉಡುಪು ಬಾಡಿಗೆಗೆ ತಂದು ಫೋಟೋ ತೆಗೆಸಿಕೊಳ್ಳುವ ಹುಡುಗಿಯರು. ಮಳೆ ಬಂದರೂ ಕೇಳಿಸುತ್ತೋ ಇಲ್ಲವೋ! ಅದಕ್ಕೇ ನನ್ನ ಓಟು ವಾಂಗ್‌ಶಿ ಯುವಾನ್‌ಗೆ, ಅಂದರೆ ಬೆಸ್ತನ ತೋಟಕ್ಕೆ. ಆರಂಭದಲ್ಲಿ ನೋಡಿದ್ದು ಇದರ ಗೋಡೆಯೇ. 12ನೇ ಶತಮಾನದಲ್ಲಿ ಒಬ್ಬ ಅಧಿಕಾರಿ ಪುಸ್ತಕಗಳಿಗಾಗಿ ಕಟ್ಟಿಸಿದ ಮನೆ. 18ನೇ ಶತಮಾನದಲ್ಲಿ ಇನ್ನೊಬ್ಬ ನಿವೃತ್ತ ಅಧಿಕಾರಿ ಈ ಹೆಸರಿಟ್ಟ. ಬೆಸ್ತನ ಹಾಗೆ ಸರಳವಾಗಿ ಬದುಕುವ ಆಸೆಯಂತೆ. ಮನೆ ನೋಡಿದರೆ ಸರಳ ಅನ್ನಿಸಲ್ಲ, ಅದು ಬೇರೆ ಮಾತು.

ಒಂದೂವರೆ ಎಕರೆಯೂ ಪೂರ್ತಿ ಇಲ್ಲ. ಆದರೂ ಸುತ್ತಿದಷ್ಟೂ ಮುಗಿಯುವುದಿಲ್ಲ. ಯಾಕೆ ಅಂತ ಈ ಮೂಲೆಯಲ್ಲಿ ಗೊತ್ತಾಗುತ್ತದೆ, ಬನ್ನಿ. ಇದು ಕಲ್ಲಿನ ಕಮಾನು ಸೇತುವೆ. ಮೂರು ಹೆಜ್ಜೆ ಹಾಕಿದರೆ ಮುಗಿಯಿತು. ಎದುರಿಗೆ ಯಾರಾದರೂ ಬಂದರೆ ಒಬ್ಬರು ಹಿಂದೆ ಸರಿಯಬೇಕು. ಸೇತುವೆ ಇಷ್ಟು ಪುಟ್ಟದಾಗಿರುವುದರಿಂದ ಪಕ್ಕದ ಕೊಳ ದೊಡ್ಡ ಕೆರೆಯಂತೆ ಕಾಣುತ್ತದೆ. ಕೊಳದ ಒಂದು ಬಾಲ ಸೇತುವೆ ಕೆಳಗೆ ನುಗ್ಗಿ ಕಲ್ಲುಗಳ ನಡುವೆ ಮಾಯ. ನೀರು ಎಲ್ಲಿಂದಲೋ ಹರಿದು ಬರುತ್ತಿದೆ ಅಂತ ಕಣ್ಣು ನಂಬಿಬಿಡುತ್ತದೆ. ಎಲ್ಲಿಂದಲೂ ಬರುತ್ತಿಲ್ಲ, ಅಲ್ಲೇ ನಿಲ್ಲುತ್ತದೆ!

ದಾರಿಯೂ ಹಾಗೇ. ನೇರ ಹೋಗುವುದೇ ಇಲ್ಲ. ತಿರುವು, ಗೋಡೆ, ಗೋಡೆಯಲ್ಲೊಂದು ಜಾಲಂಧ್ರ. ಅದರಾಚೆ ನಾಲ್ಕು ಬಿದಿರು, ಒಂದು ಕಲ್ಲು ಕಾಣುತ್ತದೆ, ಅಲ್ಲಿಗೆ ಹೋಗುವ ಬಾಗಿಲು ಮಾತ್ರ ಕಾಣುವುದಿಲ್ಲ. ತೂತು ತೂತಾದ ಈ ಕಲ್ಲುಗಳು ಹತ್ತಿರದ ತೈಹು ಅನ್ನುವ ಸರೋವರದ ಸುಣ್ಣಕಲ್ಲು. ನೀರು ಕೊರೆದದ್ದು. ತೂತು ಸಾಲದಿದ್ದರೆ ತಾವೇ ಕೊರೆದು, ಮತ್ತೆ ನೀರಿಗೆ ಹಾಕಿ, ವರ್ಷಗಟ್ಟಲೆ ಕಾದು ತೆಗೆಯುತ್ತಿದ್ದರು. ಲಿಯು ಯುವಾನ್ ತೋಟದಲ್ಲಿ ಇಂಥದ್ದೇ ಆರೂವರೆ ಮೀಟರ್ ಎತ್ತರದ ಒಂದು ಕಲ್ಲು ನಿಂತಿದೆ.

ಈಗ ತಲೆ ಎತ್ತಿ ನೋಡಿ. ಸೂರಿನ ಭಾರವೆಲ್ಲ ಮರದ ಕಂಬಗಳ ಮೇಲೆ. ಒಂದು ಮರದ ತುದಿ ಇನ್ನೊಂದರ ತೂತಿನಲ್ಲಿ ಬಿಗಿಯಾಗಿ ಕೂತಿದೆ. ಕಂಬ ನೆಲದಲ್ಲಿ ಹೂತಿಲ್ಲ, ಕಲ್ಲಿನ ಮೇಲೆ ಸುಮ್ನೆ ನಿಂತಿದೆ. ಹಾಗಾಗಿ ಮರಕ್ಕೆ ನೆಲದ ತೇವ ಹತ್ತುವುದಿಲ್ಲ. ಗೋಡೆ ಬಿದ್ದರೂ ಮನೆ ಬೀಳುವುದಿಲ್ಲ ಅಂತ ಚೀನೀಯರು ಹೇಳುತ್ತಾರೆ. ಭಾರ ಹೊರುವ ಕೆಲಸ ಇಲ್ಲದ ಮೇಲೆ ಗೋಡೆಗೆ ಎಲ್ಲಿ ಬೇಕಾದರೂ ಕಿಟಕಿ ಇಡಬಹುದು, ಅಲ್ವಾ? ಒಂದೊಂದು ಕುರ್ಚಿಗೂ ಒಂದೊಂದು ನೋಟ ಸಿಗುವುದು ಇದರಿಂದಲೇ.

ಬೆಸ್ತನ ತೋಟದ ಹಿಂಬದಿಯ ಈ ಅಂಗಳ ಎಲ್ಲೋ ನೋಡಿದ ಹಾಗಿದೆ ಅನ್ನುವ ಅಮೆರಿಕದ ಕನ್ನಡಿಗರಿಗೆ: ನೀವು ನೋಡಿರಬಹುದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಒಳಗೆ ಇದರ ಮಾದರಿಯಲ್ಲೇ ಒಂದು ಅಂಗಳ ಇದೆ. ಸುಝೌನಿಂದಲೇ ಹೋದ ಕುಶಲಕರ್ಮಿಗಳು ಕಟ್ಟಿದ್ದು, 1981ರಲ್ಲಿ ತೆರೆಯಿತು.

ಬರುವವರಿಗೆ ಒಂದು ಮಾತು. ದೊಡ್ಡ ತೋಟಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಪಾಸ್‌ಪೋರ್ಟ್ ಜೊತೆಗಿರಲಿ. ಬೆಸ್ತನ ತೋಟವನ್ನು ಸಂಜೆಗೆ ಇಟ್ಟುಕೊಳ್ಳಿ. ಚಳಿ ಇಲ್ಲದ ತಿಂಗಳುಗಳಲ್ಲಿ ರಾತ್ರಿ ಹೊತ್ತು ಇಲ್ಲಿ ಕುನ್‌ಚು ಅನ್ನುವ ಹಳೆಯ ಸಂಗೀತ ನಾಟಕದ ತುಣುಕುಗಳನ್ನು ಆಡುತ್ತಾರೆ, ಒಂದು ಕೋಣೆಯಲ್ಲಿ ಮುಗಿದರೆ ಇನ್ನೊಂದು ಕೋಣೆಗೆ ನಡೆಯಬೇಕು. ಹೊಸ್ತಿಲು ಎತ್ತರ ಇದೆ, ಕತ್ತಲಲ್ಲಿ ಎಡವಬೇಡಿ.