ಲಾರಿ ಅಡಿಯಲ್ಲಿ ಒಂದು ರಟ್ಟು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಗಿನ ಜಾವ ಐದು ಗಂಟೆ. ರಾತ್ರಿಯೇ ಕೊಬ್ಬರಿ ಚೀಲ ತುಂಬಿ, ತಾಡಪಾಲು ಬಿಗಿದು ನಿಲ್ಲಿಸಿದ ಲಾರಿ. ಡ್ರೈವರ್ ಹತ್ತಿ ಕೀ ತಿರುಗಿಸುತ್ತಾರೆ. ಇಂಜಿನನ್ನು ತಿರುಗಿಸುವ ಸೆಲ್ಫ್ ಮೋಟಾರು ಚೆನ್ನಾಗಿಯೇ ತಿರುಗುತ್ತದೆ. ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಮತ್ತೆ ಹೊಡೆಯುತ್ತಾರೆ, ಇನ್ನೊಮ್ಮೆ ಹೊಡೆಯುತ್ತಾರೆ. ಹತ್ತು ನಿಮಿಷಕ್ಕೆ ಬ್ಯಾಟರಿಯೂ ಸೋತುಹೋಗುತ್ತದೆ. ಆಮೇಲೆ ನಮ್ಮಂಥ ಗ್ಯಾರೇಜಿನವರಿಗೆ ಫೋನ್ ಬರುತ್ತದೆ. "ಅಣ್ಣಾ, ಗಾಡಿ ಸ್ಟಾರ್ಟ್ ಆಗ್ತಿಲ್ಲ. ಬ್ಯಾಟರಿ ಹೋಗಿರ್ಬೇಕು."

ತಿಪಟೂರಿನ ಕಡೆ ಹಳೆಯ ಲಾರಿಗಳ ಕೆಲಸವನ್ನೇ ನಂಬಿ ಬದುಕಿದವನು ನಾನು. ಆ ಫೋನ್ ಬಂದಾಗ ನಾನು ಕೇಳುವ ಮೊದಲ ಮಾತು ಬ್ಯಾಟರಿಯದ್ದಲ್ಲ. "ಕೆಳಗೆ ಏನಾದ್ರೂ ಸೋರಿದೆಯಾ, ಬಗ್ಗಿ ನೋಡಿದ್ರಾ?" ಅಂತ ಕೇಳುತ್ತೇನೆ.

ಸ್ಟಾರ್ಟ್ ಆಗದಿರುವುದು ಒಂದು ಕಾಯಿಲೆ, ಸೋರುವುದು ಇನ್ನೊಂದು ಕಾಯಿಲೆ ಅಂತ ಸುಮಾರು ಜನ ತಿಳಿದಿದ್ದಾರೆ. ಮೊದಲನೆಯದಕ್ಕೆ ಗಾಬರಿ ಬೀಳುತ್ತಾರೆ. ಎರಡನೆಯದನ್ನು "ಹಳೇ ಗಾಡಿ, ಸೋರತ್ತೆ ಬಿಡಿ" ಅಂತ ಸುಮ್ನೆ ಬಿಡುತ್ತಾರೆ. ನಾನು ಕಂಡಂತೆ ಹಳೆಯ ಡೀಸೆಲ್ ಗಾಡಿಗಳಲ್ಲಿ ಎಷ್ಟೋ ಸಲ ಇವೆರಡೂ ಒಂದೇ ಕಾಯಿಲೆ. ಇವತ್ತು ಆ ವಿಷಯ ಹೇಳಲೆಂದೇ ಬಂದಿದ್ದೇನೆ.

ಒಂದು ಗಾಡಿಯ ಕಥೆ ಹೇಳುತ್ತೇನೆ. ಆರು ಸಿಲಿಂಡರಿನ ಹಳೆಯ ಲಾರಿ. ಮಾಲೀಕರು ಒಂದೇ ವರ್ಷದಲ್ಲಿ ಎರಡು ಸಲ ಬ್ಯಾಟರಿ ಬದಲಿಸಿದ್ದರು. ಸೆಲ್ಫ್ ಮೋಟಾರಿಗೆ ಹೊಸದಾಗಿ ವೈಂಡಿಂಗ್ ಮಾಡಿಸಿದ್ದರು. ಡೀಸೆಲ್ ಪಂಪನ್ನೂ ಬಿಚ್ಚಿಸಿ ರಿಪೇರಿ ಮಾಡಿಸಿದ್ದರು. ಆದರೂ ಎಷ್ಟೋ ದಿನ ಬೆಳಿಗ್ಗೆ ಎದ್ದರೆ ಅದೇ ಗೋಳು. ಒಮ್ಮೆ ಸ್ಟಾರ್ಟ್ ಆಯಿತೆಂದರೆ ದಿನವಿಡೀ ತೊಂದರೆ ಇಲ್ಲ. ಮಾತಾಡುತ್ತಾ ಡ್ರೈವರ್ ಒಂದು ವಿಷಯ ಹೇಳಿದರು. ಗಾಡಿಯ ಮುಖ ಇಳಿಜಾರಿಗೆ ಇಟ್ಟು ನಿಲ್ಲಿಸಿದರೆ ಬೆಳಿಗ್ಗೆ ಸರಾಗವಾಗಿ ಹಿಡಿಯುತ್ತದೆ, ಮುಖ ಏರಿಗೆ ಇಟ್ಟರೆ ಖಂಡಿತ ಹಿಡಿಯುವುದಿಲ್ಲ ಅಂತ. ಬ್ಯಾಟರಿ ಕೆಟ್ಟರೆ ತಳ್ಳಿ ಸ್ಟಾರ್ಟ್ ಮಾಡಬಹುದು ಅಂತ ಅವರು ಜಾಗ ಸಿಕ್ಕಾಗಲೆಲ್ಲ ಇಳಿಜಾರು ನೋಡಿ ನಿಲ್ಲಿಸುತ್ತಿದ್ದರು. ಹಾಗಾಗಿ ಆ ತೊಂದರೆಯ ಮೂಲ ಬಹಳ ದಿನ ಮರೆಯಾಗಿಯೇ ಇತ್ತು.

ಮುಖ ಏರಿಗೆ ಇದ್ದರೆ ಟ್ಯಾಂಕ್ ತಗ್ಗಿಗೆ ಬರುತ್ತದೆ. ಇಂಜಿನ್ ಮೇಲಾಗುತ್ತದೆ. ಪೈಪಿನಲ್ಲಿ ಎಲ್ಲಾದರೂ ಸಣ್ಣ ಬಿರುಕಿದ್ದರೆ ಅಲ್ಲಿಂದ ಗಾಳಿ ಒಳಗೆ ಹೋಗುತ್ತದೆ. ಪೈಪಿನಲ್ಲಿದ್ದ ಡೀಸೆಲ್ ರಾತ್ರಿಯೆಲ್ಲ ನಿಧಾನಕ್ಕೆ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ನೀರು ತುಂಬಿದ ಸ್ಟ್ರಾದ ಮೇಲಿನ ತುದಿಯನ್ನು ಮುಚ್ಚಿದ್ದ ಬೆರಳು ತೆಗೆದ ಹಾಗೆ.

ಟ್ಯಾಂಕಿನಿಂದ ಡೀಸೆಲ್ ಎಳೆಯುವುದು ಇಂಜಿನ್ ಪಕ್ಕದ ಸಣ್ಣ ಫೀಡ್ ಪಂಪ್. ಅದು ಫಿಲ್ಟರಿಗೆ ತಳ್ಳುತ್ತದೆ, ಫಿಲ್ಟರಿನಿಂದ ಒತ್ತಡ ಕೊಡುವ ದೊಡ್ಡ ಡೀಸೆಲ್ ಪಂಪಿಗೆ ಹೋಗುತ್ತದೆ, ಅಲ್ಲಿಂದ ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗೆ. ಫೀಡ್ ಪಂಪಿನಿಂದ ಮುಂದೆ ಎಲ್ಲಿ ತೂತಾದರೂ ಡೀಸೆಲ್ ಹೊರಗೆ ಹನಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಆದರೆ ಟ್ಯಾಂಕ್ ಮತ್ತು ಫೀಡ್ ಪಂಪಿನ ನಡುವೆ ತೂತಾದರೆ, ಇಂಜಿನ್ ಓಡುವಾಗ ಹೊರಗೆ ಏನೂ ಬೀಳುವುದಿಲ್ಲ. ಅಲ್ಲಿ ಇರುವುದು ಎಳೆತ. ಗಾಳಿಯೇ ಒಳಗೆ ಹೋಗುತ್ತದೆ. ಗಾಡಿ ನಿಂತ ಮೇಲೆ ಆ ಜಾಗ ಸ್ವಲ್ಪ ಒದ್ದೆಯಾಗುತ್ತದೆ, ಅದರ ಮೇಲೆ ಧೂಳು ಅಂಟುತ್ತದೆ. ಆ ಲಾರಿಯಲ್ಲೂ ಹಾಗೇ ಆಗಿತ್ತು. ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು, ಅಂದರೆ ಛಾಸಿಗೆ ಉಜ್ಜಿ ಉಜ್ಜಿ ರಬ್ಬರ್ ಪೈಪು ಒಂದು ಕಡೆ ಸೀಳಿತ್ತು. ಮೇಲೆ ಕಪ್ಪಗೆ ಮಣ್ಣು ಮೆತ್ತಿಕೊಂಡಿತ್ತು. ಒಂದು ಪೈಪು, ಎರಡು ಕ್ಲಿಪ್ಪು, ನಾಲ್ಕು ತಾಮ್ರದ ವಾಷರ್. ರಿಪೇರಿ ಅಷ್ಟೇ. ಅವರು ಅದುವರೆಗೆ ಖರ್ಚು ಮಾಡಿದ ದುಡ್ಡು ನೆನೆದು ನನಗೆ ಹೊಟ್ಟೆ ಉರಿಯಿತು.

ಇಷ್ಟು ಸಣ್ಣ ಗಾಳಿ ಇಷ್ಟು ದೊಡ್ಡ ಇಂಜಿನನ್ನು ಹೇಗೆ ನಿಲ್ಲಿಸುತ್ತದೆ ಅಂತ ಕೇಳುತ್ತಾರೆ. ಲಾರಿ ಟೈರಿನ ಗಾಳಿಯ ಒತ್ತಡ ಏಳೆಂಟು ಬಾರ್ ಇರುತ್ತದೆ. ಹಳೆಯ ನಾಜಲ್ ಬಾಯಿ ತೆರೆಯಬೇಕಾದರೆ ಸುಮಾರು 200 ಬಾರ್ ಬೇಕು. ಡೀಸೆಲನ್ನು ಅದುಮಿದರೆ ಆ ಒತ್ತಡ ನೇರವಾಗಿ ನಾಜಲ್‌ಗೆ ಮುಟ್ಟುತ್ತದೆ. ನಡುವೆ ಗಾಳಿ ಸೇರಿದರೆ ಅದು ಸ್ಪಂಜಿನಂತೆ ಮುದುಡುತ್ತದೆ, ಒತ್ತಡವನ್ನೆಲ್ಲ ನುಂಗಿಬಿಡುತ್ತದೆ. ನಾಜಲ್ ಬಾಯಿ ತೆರೆಯುವುದೇ ಇಲ್ಲ. ಆ ದೊಡ್ಡ ಪಂಪಿನೊಳಗೆ ಡೀಸೆಲ್ ಅದುಮುವ ಪ್ಲಂಜರಿಗೂ ಅದರ ಗೂಡಿಗೂ ಇರುವ ಸಂದು ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಎರಡು ಮೂರು ಪಾಲಿನಷ್ಟು. ಅಂಥ ಸೂಕ್ಷ್ಮದ ಕೆಲಸ ನಮ್ಮ ಬೆಂಗಳೂರಿನ ಆಡುಗೋಡಿಯಲ್ಲೇ ಆಗುತ್ತಿತ್ತು. 1951ರಲ್ಲಿ ಶುರುವಾದ ಮೈಕೋ ಕಂಪನಿ, 2008ರಲ್ಲಿ ಹೆಸರು ಬದಲಾಗಿ ಬಾಷ್ ಆಯಿತು. ಇವತ್ತಿಗೂ ನಮ್ಮ ಕಡೆ ಹಳೆಯ ಡ್ರೈವರ್‌ಗಳು ಆ ಪಂಪನ್ನು ಮೈಕೋ ಪಂಪ್ ಅಂತಲೇ ಕರೆಯುತ್ತಾರೆ. ಅದನ್ನು ಬಿಚ್ಚುವುದು ಕಟ್ಟಕಡೆಯ ಕೆಲಸ, ಮೊದಲನೆಯದಲ್ಲ. ದಯವಿಟ್ಟು ಇದೊಂದನ್ನು ನೆನಪಿಡಿ.

ಏರ್ ತೆಗೆಯುವುದು, ಅಂದರೆ ಡೀಸೆಲ್ ಪೈಪಿಗೆ ಸೇರಿದ ಗಾಳಿ ಹೊರಗೆ ಹಾಕುವುದು, ಡ್ರೈವರ್‌ಗಳಿಗೆ ಗೊತ್ತಿರುವ ಕೆಲಸ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪ್ ಹೊಡೆಯಿರಿ. ಮೊದಲು ನೊರೆ ಬರುತ್ತದೆ. ನೊರೆ ನಿಂತು ಬರೀ ಡೀಸೆಲ್ ಬಂದ ಮೇಲೆ ಬಿಗಿ ಮಾಡಿ. ಆಮೇಲೆ ದೊಡ್ಡ ಪಂಪಿನ ಸ್ಕ್ರೂವಿಗೂ ಹಾಗೆಯೇ. ಆದರೆ ದಿನಾ ಬೆಳಿಗ್ಗೆ ಏರ್ ತೆಗೆಯಬೇಕಾಗಿ ಬಂದರೆ ಗಾಳಿ ಹೋಗುವ ದಾರಿಯನ್ನು ಹುಡುಕಲೇಬೇಕು. ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪನ್ನು ಫೀಡ್ ಪಂಪಿನ ಹಿಂದೆ ಸ್ವಲ್ಪ ಹೊತ್ತಿಗೆ ಮಾತ್ರ ಜೋಡಿಸಿ ನೋಡಿ. ಗುಳ್ಳೆ ಓಡುತ್ತಿದ್ದರೆ ತೂತು ಅದರ ಹಿಂದಿದೆ, ಟ್ಯಾಂಕಿನ ಕಡೆ.

ನಾಜಲ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆಯುವವರು ಬೆರಳನ್ನು ಅಲ್ಲಿಗೆ ಒಯ್ಯಬೇಡಿ. ಆ ಒತ್ತಡದಲ್ಲಿ ಡೀಸೆಲ್ ಸೂಜಿಯಂತೆ ಚರ್ಮದೊಳಗೆ ಹೋಗುತ್ತದೆ. ಗಾಯ ಸಾಸಿವೆ ಕಾಳಿನಷ್ಟೇ ಕಾಣಬಹುದು, ನೋವೂ ಆಗದಿರಬಹುದು. ಆದರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಇಲ್ಲವಾದರೆ ಬೆರಳೇ ಹೋಗುವ ಅಪಾಯ ಇದೆ. ಹಾಗೆಯೇ ಏರ್ ಕ್ಲೀನರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವ ಅಭ್ಯಾಸ. ಬೇಡ, ಖಂಡಿತ ಬೇಡ. ಬೆಂಕಿ ಹತ್ತುತ್ತದೆ, ಒಳಗೆ ಪಿಸ್ಟನ್ ರಿಂಗ್ ಮುರಿಯುತ್ತದೆ.

ಈಗ ನೆಲಕ್ಕೆ ಬರೋಣ. ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ. ಟಿವಿ ಬಂದ ಪೆಟ್ಟಿಗೆಯದ್ದಾದರೂ ಸರಿ. ರಟ್ಟಿನಲ್ಲಿ ಮುಂದಿನ ಚಕ್ರ ಎಲ್ಲಿ ಬರುತ್ತದೆ ಅಂತ ಗುರುತು ಮಾಡಿ. ಬೆಳಿಗ್ಗೆ ಕೀ ಮುಟ್ಟುವ ಮೊದಲು ಅದನ್ನು ಎಳೆದು ನೋಡಿ. ಒಳಗೆ ನುಗ್ಗುವುದಿದ್ದರೆ ಚಕ್ರಕ್ಕೆ ಕಲ್ಲು ಕೊಟ್ಟೇ ನುಗ್ಗಿ.

ಡೀಸೆಲ್ ಆದರೆ ತೆಳ್ಳಗೆ ಹರಡುತ್ತದೆ, ವಾಸನೆಯೇ ಹೇಳುತ್ತದೆ. ಇಂಜಿನ್ ಆಯಿಲ್ ಕಪ್ಪು. ಗೇರ್ ಆಯಿಲ್ ಮಂದ, ಗಂಧಕದಂಥ ಕೆಟ್ಟ ವಾಸನೆ. ಕೂಲೆಂಟ್ ಹಸಿರೋ ಗುಲಾಬಿಯೋ ಇರುತ್ತದೆ, ಮುಟ್ಟಿದರೆ ಜಾರುತ್ತದೆ, ವಾಸನೆ ಸಿಹಿ. ನಾಲಿಗೆಗೆ ಮಾತ್ರ ಮುಟ್ಟಿಸಬೇಡಿ. ಅದು ವಿಷ. ನಾಯಿಗಳು ಸಿಹಿ ಅಂತ ನೆಕ್ಕಿ ಸತ್ತಿವೆ, ಕೂಡಲೇ ನೀರು ಹಾಕಿ ತೊಳೆದುಬಿಡಿ. ಚಕ್ರದ ಹತ್ತಿರ ತಿಳಿ ಎಣ್ಣೆಯಂಥ ಹನಿ ಇದ್ದು, ಬಣ್ಣ ಕಿತ್ತು ಬಂದಿದ್ದರೆ ಅದು ಬ್ರೇಕ್ ಆಯಿಲ್. ಆ ಗಾಡಿಯನ್ನು ಅಂದು ರಸ್ತೆಗೆ ತೆಗೆಯಲೇಬಾರದು. ಚಾರ್ಮಾಡಿಯನ್ನೋ ಶಿರಾಡಿಯನ್ನೋ ಇಳಿಯುವ ಗಾಡಿಯಾದರೆ ಇನ್ನೂ ಕೇಳಬೇಕಾ?

ಹನಿ ಬಿದ್ದ ಜಾಗದ ಮೇಲೆಯೇ ಸೋರಿಕೆ ಇರುತ್ತದೆ ಅಂತ ಹೇಳಲಾಗದು. ಗಾಡಿ ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಇಂಜಿನನ್ನು ತೊಳೆದು ಒಣಗಿಸಿ, ಅನುಮಾನ ಇರುವ ಕಡೆ ಮುಖಕ್ಕೆ ಹಚ್ಚುವ ಪೌಡರ್ ಎರಚಿ. ಅರ್ಧ ಗಂಟೆ ಓಡಿಸಿ ಬನ್ನಿ. ಬಿಳಿ ಪೌಡರಿನ ಮೇಲೆ ಒದ್ದೆ ಗೆರೆ ಎಲ್ಲಿಂದ ಶುರುವಾಗಿದೆಯೋ ಅದೇ ಜಾಗ.

ಎಣ್ಣೆ ಹೊರಗೆ ಬಾರದಂತೆ ತಡೆಯುವ ಆಯಿಲ್ ಸೀಲ್ ಹಾಕಿದ ಮೂರೇ ತಿಂಗಳಿಗೆ ಮತ್ತೆ ಸೋರಿದರೆ ಎಲ್ಲರೂ ಸೀಲನ್ನೇ ಬಯ್ಯುತ್ತಾರೆ. ಮೊದಲು ಬ್ರೀದರ್ ಪೈಪ್ ನೋಡಿ. ಅದು ಇಂಜಿನ್ ಉಸಿರು ಬಿಡುವ ಪೈಪು. ಕೆಸರೋ ಗಸಿಯೋ ಕಟ್ಟಿಕೊಂಡರೆ ಒಳಗಿನ ಒತ್ತಡ ಹೊರಗೆ ಹೋಗಲು ದಾರಿ ಇಲ್ಲದೆ ಸೀಲ್‌ಗಳನ್ನೇ ತಳ್ಳುತ್ತದೆ. ಇಂಜಿನ್ನಿನ ಹಿಂಬದಿಯ ದೊಡ್ಡ ಸೀಲ್ ಸೋರಿದರೆ ಆ ಎಣ್ಣೆ ಕ್ಲಚ್ ಪ್ಲೇಟಿಗೂ ಸಿಡಿಯುತ್ತದೆ, ಸೆಲ್ಫ್ ಮೋಟಾರಿಗೂ ಸೇರುತ್ತದೆ. ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡುಗಳು ಎಣ್ಣೆಯಲ್ಲಿ ನೆನೆದ ಮೇಲೆ ಸೆಲ್ಫ್ ಹೇಗೆ ಹೊಡೆಯಬೇಕು? ನೋಡಿ, ಇಲ್ಲೂ ಸೋರಿಕೆಯೇ ಸ್ಟಾರ್ಟ್ ಆಗದ್ದಕ್ಕೆ ಕಾರಣ.

ನೀರಿನದು ಇನ್ನೂ ಗಂಭೀರ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ರೇಡಿಯೇಟರಿಗೆ ವರ್ಷಗಟ್ಟಲೆ ಅದನ್ನೇ ಸುರಿದರೆ ಒಳಗೆ ಬಿಳಿ ಹರಳು ಕಟ್ಟುತ್ತದೆ, ಇಂಜಿನ್ ಬಿಸಿಯೇರುತ್ತದೆ, ಇಂಜಿನ್ನಿನ ಮೇಲ್ಭಾಗದ ಹೆಡ್ಡಿನ ಕೆಳಗೆ ಇರುವ ಗ್ಯಾಸ್ಕೆಟ್ ಸುಡುತ್ತದೆ. ಆಗ ನೀರು ಕಡಿಮೆಯಾಗುತ್ತದೆ, ರಟ್ಟಿನ ಮೇಲೆ ಮಾತ್ರ ಒಂದು ಹನಿಯೂ ಇರುವುದಿಲ್ಲ. ನೀರು ಹೊರಗೆ ಬರದೆ ಸಿಲಿಂಡರಿನೊಳಗೆ ಹೋಗಿರುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದಾಗ "ಠಕ್" ಅಂತ ಸದ್ದಾಗಿ ಇಂಜಿನ್ ಕಚ್ಚಿಕೊಂಡು ನಿಂತರೆ, ಅಲ್ಲಿಗೇ ಕೈ ತೆಗೆಯಿರಿ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲು ಆಗುವುದಿಲ್ಲ. ಇನ್ನೆರಡು ಸಲ ಹೊಡೆದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ಸ್ಟಾರ್ಟ್ ಮಾಡಲು ಹೋದರಂತೂ ಇಂಜಿನ್ ಕಥೆ ಮುಗಿಯಿತು. ನಾಜಲ್ ಬಿಚ್ಚಿ, ಕೈಯಿಂದ ತಿರುಗಿಸಿ, ನೀರು ಹೊರಗೆ ಹಾಕಬೇಕು. ಆಮೇಲೆ ಹೆಡ್ ಇಳಿಸಬೇಕು. ದಿನಾ ಬೆಳಿಗ್ಗೆ ಇಂಜಿನ್ ಆಯಿಲ್ ಅಳೆಯುವ ಕಡ್ಡಿ, ಡಿಪ್ ಸ್ಟಿಕ್ ಎಳೆದು ನೋಡುವವರಿಗೆ ಇದು ಮೊದಲೇ ಗೊತ್ತಾಗಬಹುದು. ಆಯಿಲ್ ಹಾಲು ಹಾಕಿದ ಚಹಾದಂತೆ ಕಂಡರೆ ನೀರು ಸೇರಿದೆ. ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ, ಮಟ್ಟವೂ ಏರಿದ್ದರೆ, ಫೀಡ್ ಪಂಪಿನಿಂದ ಡೀಸೆಲ್ ಒಳಗೆ ಇಳಿಯುತ್ತಿರಬಹುದು. ಆಯಿಲ್ ಕಡಿಮೆಯಾದರೆ ಎಲ್ಲರೂ ನೋಡುತ್ತಾರೆ. ಜಾಸ್ತಿಯಾದರೆ ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ.

ಬ್ಯಾಟರಿ ಬಗ್ಗೆ ಚುಟುಕಾಗಿ. 12 ವೋಲ್ಟಿನ ಬ್ಯಾಟರಿ ಪೂರ್ತಿ ಚಾರ್ಜ್ ಇದ್ದರೆ 12.6 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಬಂದರೆ ಅರ್ಧ ಖಾಲಿ. ಸೆಲ್ಫ್ ತಿರುಗದೆ ಬರೀ ಟಕ್ ಟಕ್ ಅಂದರೆ ಬ್ಯಾಟರಿ ಕೊಳ್ಳುವ ಮೊದಲು ತಂತಿಗಳನ್ನು ಮುಟ್ಟಿ ನೋಡಿ. ಯಾವ ಜಾಗ ಬಿಸಿಯಾಗಿದೆಯೋ ಅಲ್ಲಿ ಸಂಪರ್ಕ ಕೆಟ್ಟಿದೆ. ಇಂಜಿನ್ನಿನಿಂದ ಛಾಸಿಗೆ ಬರುವ ಅರ್ತಿಂಗ್ ಪಟ್ಟಿ ತುಕ್ಕು ಹಿಡಿದಿರುವುದೇ ಜಾಸ್ತಿ. ಸೆಲ್ಫನ್ನು ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಒಂದೆರಡು ನಿಮಿಷ ಬಿಡಿ. ಸೆಲ್ಫ್ ಚೆನ್ನಾಗಿ ತಿರುಗಿದರೂ ಸೈಲೆನ್ಸರಿನಲ್ಲಿ ಒಂದಿಷ್ಟೂ ಹೊಗೆ ಇಲ್ಲ ಅಂದರೆ ಡೀಸೆಲ್ ಸಿಲಿಂಡರಿಗೆ ಮುಟ್ಟಿಲ್ಲ. ಮೊದಲು ಇಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ಕೇಬಲ್ ಪೂರ್ತಿ ಒಳಗೆ ಹೋಗಿದೆಯಾ ನೋಡಿ. ಅದು ಅರ್ಧಕ್ಕೆ ಸಿಕ್ಕಿಕೊಂಡಿದ್ದಕ್ಕೆ ಅರ್ಧ ದಿನ ಕಳೆದ ಗಾಡಿಗಳನ್ನು ನಾನು ನೋಡಿದ್ದೇನೆ.

ಕಥೆಯ ಆ ಲಾರಿಗೆ ಪೈಪು ಹಾಕಿದ ದಿನ ರಾತ್ರಿ, ಬೇಕಂತಲೇ ಮುಖ ಏರಿಗೆ ಇಟ್ಟು ನಿಲ್ಲಿಸಿದೆವು. ಕೆಳಗೆ ರಟ್ಟು ಹಾಸಿದೆವು. ಬೆಳಿಗ್ಗೆ ಮಾಲೀಕರೇ ಬಂದು ಕೀ ತಿರುಗಿಸಿದರು. ಎರಡನೇ ಸುತ್ತಿಗೆ ಇಂಜಿನ್ ಹಿಡಿಯಿತು. ರಟ್ಟು ಎಳೆದು ನೋಡಿದರೆ ಡೀಸೆಲ್ ಕಲೆ ಇರಲಿಲ್ಲ. ಮುಂದುಗಡೆ, ಫ್ಯಾನಿನ ನೇರಕ್ಕೆ, ರೂಪಾಯಿ ಅಗಲದ ಒಂದು ಹಸಿರು ಕಲೆ ಇತ್ತು. ವಾಟರ್ ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸವೆದರೆ ಅಲ್ಲಿಂದ ಹನಿಯಲಿ ಅಂತಲೇ ಅದನ್ನು ಇಟ್ಟಿರುತ್ತಾರೆ. ಎಷ್ಟೋ ಜನ ಆ ತೂತನ್ನು ಎಂ-ಸೀಲ್ ಹಾಕಿ ಮುಚ್ಚುತ್ತಾರೆ. ನಾವು ಮುಚ್ಚಲಿಲ್ಲ. ಆ ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆದೆ. ರಟ್ಟನ್ನು ಕ್ಯಾಬಿನ್ ಒಳಗೆ ಇಟ್ಟುಕೊಟ್ಟೆ. "ಈ ಲೋಡು ಇಳಿಸಿ ಬನ್ನಿ ಸ್ವಾಮಿ, ದಾರಿಯಲ್ಲಿ ನೀರು ನೋಡ್ತಾ ಇರಿ. ಬಂದ ತಕ್ಷಣ ವಾಟರ್ ಪಂಪ್ ಬಿಚ್ಚೋಣ" ಅಂದೆ.

ನಮಸ್ಕಾರ.