ಹ್ಯಾರಿ ಪಾಟರ್ ಮತ್ತೆ ಯಾಕೆ? ಉತ್ತರ ಐದನೇ ಸೀಸನ್‌ನಲ್ಲಿದೆ

[ದೃಶ್ಯ: ಕಿಟಕಿಯಾಚೆ ಮಡಿಕೇರಿ ಮಳೆ. ಮೇಜಿನ ಮೇಲೆ ಏಳು ಪುಸ್ತಕ, ಪಕ್ಕದಲ್ಲಿ ಕಪ್ಪು ದ್ರವದ ಸಣ್ಣ ಬಾಟಲಿ.]

ನಮಸ್ಕಾರ. ಬೆಳಗ್ಗೆಯಿಂದ ಕರೆಂಟಿಲ್ಲ. ಈ ಲೈಟು ಉರೀತಿರೋದು ಯುಪಿಎಸ್ ಮೇಲೆ, ಹಾಗಾಗಿ ಸ್ವಲ್ಪ ಬೇಗ ಬೇಗ ಮಾತಾಡ್ತೀನಿ.

ಹೋದ ವಾರ ನಾಪೋಕ್ಲಿನಿಂದ ಚಿಕ್ಕಪ್ಪನ ಮಗ ಬಂದಿದ್ದ. ಊಟಕ್ಕೆ ಕೂತಾಗ ಹೊಸ ಹ್ಯಾರಿ ಪಾಟರ್ ಟಿವಿ ಸರಣಿ ಮಾತು ಬಂತು. ಅವನು ಕೇಳಿದ: “ಅಣ್ಣಾ, ಎಂಟು ಸಿನಿಮಾ ಸಾಲ್ದಾ? ಅದೇ ಕತೆಗೆ ಮತ್ತೆ ಹತ್ತು ವರ್ಷ ಯಾಕೆ?” ನಾನು ದೊಡ್ಡ ಅಭಿಮಾನಿ ಅಲ್ವಾ, ಬಾಯಿಗೆ ಬಂದದ್ದೇನೋ ಹೇಳಿದೆ. ಅವನು ನಂಬ್ಲಿಲ್ಲ. ನನಗೂ ನಂಬಿಕೆ ಬರ್ಲಿಲ್ಲ. ಅವನು ಬಸ್ ಹತ್ತಿದ ಮೇಲೆ ಪುಸ್ತಕ, ಕ್ಯಾಲ್ಕುಲೇಟರ್ ಹಿಡ್ಕೊಂಡು ಕೂತೆ.

ಗೊತ್ತಿರೋದನ್ನ ಮುಗಿಸಿಬಿಡೋಣ. ಅಮೆರಿಕದ ಟಿವಿ ಸಂಸ್ಥೆ ಎಚ್‌ಬಿಒ ಈ ಸರಣಿ ಘೋಷಿಸಿದ್ದು 2023ರ ಏಪ್ರಿಲ್‌ನಲ್ಲಿ. ಪುಸ್ತಕಕ್ಕೊಂದು ಸೀಸನ್. ಮೂರು ಮುಖ್ಯ ಪಾತ್ರಗಳಿಗೆ ಆಡಿಷನ್ ಕೊಟ್ಟ ಮಕ್ಕಳು 32,000ಕ್ಕೂ ಹೆಚ್ಚು. ಶೂಟಿಂಗ್ ಶುರುವಾದದ್ದು 2025ರ ಜುಲೈ, ಹಳೇ ಸಿನಿಮಾಗಳು ತಯಾರಾದ ಇಂಗ್ಲೆಂಡಿನ ಅದೇ ಲೀವ್ಸ್‌ಡನ್ ಸ್ಟುಡಿಯೋದಲ್ಲಿ. ಹ್ಯಾರಿ ಯಾರು ಅಂತ ವಿವರಿಸಲ್ಲ. ಗೊತ್ತಿಲ್ಲದವರು ನಮ್ಮಮ್ಮ ಒಬ್ರೇ, ಅವರು ಈ ಚಾನೆಲ್ ನೋಡಲ್ಲ.

ಈಗ ಲೆಕ್ಕ. ಎಂಟೂ ಸಿನಿಮಾ ಸೇರಿಸಿದ್ರೆ 19 ಗಂಟೆ 39 ನಿಮಿಷ. ಅದರಲ್ಲಿ ಅತಿ ಉದ್ದದ್ದು ಯಾವುದು ಹೇಳಿ? ಎರಡನೇದು, 161 ನಿಮಿಷ. ಅದರ ಪುಸ್ತಕ ಬ್ರಿಟನ್ ಆವೃತ್ತಿಯಲ್ಲಿ ಬರೀ 251 ಪುಟ. ಐದನೇ ಪುಸ್ತಕ 766 ಪುಟ, ಏಳರಲ್ಲೂ ದಪ್ಪ. ಅದರ ಸಿನಿಮಾ? 138 ನಿಮಿಷ. ಎಂಟರಲ್ಲಿ ಅದಕ್ಕಿಂತ ಗಿಡ್ಡ ಇರೋದು ಒಂದೇ, ಅದೂ ಒಂದೇ ಪುಸ್ತಕ ಎರಡು ಸಿನಿಮಾ ಮಾಡಿದ್ರಲ್ಲ, ಅದರ ಎರಡನೇ ಭಾಗ.

ಅಂದ್ರೆ ಎರಡನೇ ಸಿನಿಮಾ ನಿಮಿಷಕ್ಕೆ ಒಂದೂವರೆ ಪುಟ ನಡೀತು. ಐದನೇದು ನಿಮಿಷಕ್ಕೆ ಐದೂವರೆ ಪುಟ ಓಡ್ತು!

[ದೃಶ್ಯ: ಬಾಟಲಿ ಹತ್ತಿರದಿಂದ.]

ಈ ಬಾಟಲಿ ಯಾಕೆ ಇಟ್ಕೊಂಡಿದ್ದೀನಿ ಅಂದ್ರೆ, ಇದು ಕಾಚಂಪುಳಿ. ಪಂದಿ ಕರಿಗೆ, ಅಂದ್ರೆ ಕೊಡಗಿನ ಹಂದಿ ಮಾಂಸದ ಅಡುಗೆಗೆ, ಹುಳಿಗೆ ಹಾಕ್ತೀವಲ್ಲ, ಅದೇ. ಮಳೆಗಾಲದಲ್ಲಿ ಪಣಪುಳಿ ಹಣ್ಣು ಉದುರುತ್ತೆ. ಮಲೆನಾಡಿನ ಕಡೆ ಉಪ್ಪಾಗೆ ಅಂತಾರೆ. ಆಯ್ದು ತಂದು ಬುಟ್ಟೀಲಿ ರಾಶಿ ಹಾಕಿ, ಕೆಳಗೆ ಪಾತ್ರೆ ಇಡ್ತಾರೆ. ಹಣ್ಣು ಕೊಳೀತಾ ರಸ ತೊಟ್ಟಿಕ್ಕುತ್ತೆ. ಆ ರಸನ ಸೌದೆ ಒಲೆ ಮೇಲೆ ಕಾಯಿಸ್ತಾ ಹೋದ್ರೆ ಇಂಗಿ ಇಂಗಿ ಕಡೆಗೆ ಹೀಗೆ ಕಪ್ಪಾಗುತ್ತೆ. ಪಾತ್ರೆ ತುಂಬ ಇದ್ದ ರಸ ಒಂದು ಬಾಟಲಿಗೆ ಬರುತ್ತೆ. ನಮ್ಮಜ್ಜಿ ಕಾಯಿಸೋ ದಿನ ಅಡುಗೆಮನೆಗೆ ಹೋಗೋ ಹಾಗಿರ್ಲಿಲ್ಲ, ಆ ಹುಳಿ ಹೊಗೆಗೆ ಕಣ್ಣು ಬಿಡೋಕೇ ಆಗ್ತಿರ್ಲಿಲ್ಲ.

ಸಿನಿಮಾ ಅಂದ್ರೂ ಕಾಯಿಸಿ ಇಂಗಿಸೋದೇ. ಅದರಲ್ಲಿ ತಪ್ಪೇನಿಲ್ಲ, ಮೊದಲ ಎರಡು ಚೆನ್ನಾಗೇ ಇಂಗಿದ್ವು. ಆದ್ರೆ ಐದನೇದ್ರಲ್ಲಿ ರಸವನ್ನ ಇಂಗಿಸ್ಲೇ ಇಲ್ಲ, ಅರ್ಧಕ್ಕರ್ಧ ಬಚ್ಚಲಿಗೆ ಚೆಲ್ಲಿದ್ರು.

ಏನು ಚೆಲ್ಲಿದ್ರು? ಒಂದೇ ಒಂದು ಹೇಳ್ತೀನಿ. ಕ್ರಿಸ್‌ಮಸ್ ಸಮಯ, ಸೇಂಟ್ ಮಂಗೋಸ್ ಆಸ್ಪತ್ರೆ. ಹ್ಯಾರಿ, ಅವನ ಗೆಳೆಯರಾದ ರಾನ್, ಹರ್ಮಾಯ್ನಿ ಅಕಸ್ಮಾತ್ ಒಂದು ವಾರ್ಡಿಗೆ ಬರ್ತಾರೆ. ಅಲ್ಲಿ ಅವರ ಸಹಪಾಠಿ ನೆವಿಲ್, ಅವನ ಅಜ್ಜಿ. ಶತ್ರುಗಳ ಚಿತ್ರಹಿಂಸೆಯಿಂದ ಬುದ್ಧಿ ಕಳ್ಕೊಂಡ ಅಪ್ಪ ಅಮ್ಮನ್ನ ನೋಡೋಕೆ ಬಂದಿರ್ತಾರೆ. ಅಮ್ಮ ಮೆಲ್ಲಗೆ ಎದ್ದು ಬಂದು ಮಗನ ಕೈಗೆ ಏನೋ ಇಡ್ತಾಳೆ. ಬಬಲ್‌ಗಮ್‌ನ ಖಾಲಿ ಕಾಗದ. ಇಂಥವು ಎಷ್ಟು ಕೊಟ್ಟಿದ್ದಾಳೋ, ಬುಟ್ಟಿಗೆ ಹಾಕು ಅಂತಾಳೆ ಅಜ್ಜಿ. ಹೋಗೋವಾಗ ನೆವಿಲ್ ಅದನ್ನ ಜೇಬಿಗೆ ಹಾಕ್ಕೊಂಡದ್ದನ್ನ ಹ್ಯಾರಿ ನೋಡ್ತಾನೆ.

ಅಷ್ಟೇ. ಮಂತ್ರ ಇಲ್ಲ, ದಂಡ ಇಲ್ಲ. ಸಿನಿಮಾದಲ್ಲಿ ಈ ಆಸ್ಪತ್ರೇನೇ ಇಲ್ಲ. ನೆವಿಲ್ ಒಂದು ಫೋಟೋ ಮುಂದೆ ನಿಂತು ಅಪ್ಪ ಅಮ್ಮನ ಕತೆ ನಾಲ್ಕು ಮಾತಲ್ಲಿ ಹೇಳ್ತಾನೆ. ಚೆನ್ನಾಗೇ ಹೇಳ್ತಾನೆ, ಪಾಪ. ಆದ್ರೆ ಆ ಕಾಗದ ಎಲ್ಲಿ?

ಇಡೀ ಸರಣಿಯನ್ನ ನಾನು ಕಾಯ್ತಿರೋದು ಆ ಕಾಗದಕ್ಕೆ. ತಮಾಷೆ ಏನು ಅಂದ್ರೆ ಅದು ಬರೋದು ಐದನೇ ಸೀಸನ್‌ನಲ್ಲಿ. ಅಲ್ಲೀವರೆಗೆ? ಮೊದಲ ಸೀಸನ್‌ಗಿರೋದು 223 ಪುಟದ ಪುಸ್ತಕ, ಅದಕ್ಕೆ ಆಗ್ಲೇ 152 ನಿಮಿಷದ ಒಳ್ಳೇ ಸಿನಿಮಾ ಇದೆ. ಸೀಸನ್ ತುಂಬಿಸೋಕೆ ನೀರು ಬೆರೆಸ್ತಾರೇನೋ ಅನ್ನೋದೇ ನನ್ನ ಭಯ. ನೀರು ಬೆರೆಸಿದ ಕಾಚಂಪುಳಿ ರುಚಿ ನೋಡಿದ್ದೀರಾ? ನೋಡ್ಬೇಡಿ. ಮೊದಲ ಸೀಸನ್ ನೋಡಿ “ಇದೇನು, ಅದೇ ಅಲ್ವಾ” ಅಂತ ಜನ ಎದ್ದು ಹೋದ್ರೆ, ಸರಣಿ ನಿಜವಾಗಿ ಬೇಕಿರೋ ಜಾಗಕ್ಕೆ ತಲುಪೋದೇ ಇಲ್ಲ.

[ಯುಪಿಎಸ್ ಬೀಪ್ ಶಬ್ದ.]

ಶುರುವಾಯ್ತು. ಉಳಿದದ್ದೆಲ್ಲ ಒಟ್ಟಿಗೆ ಹೇಳ್ತೀನಿ.

ವಯಸ್ಸು. ಕತೆಯಲ್ಲಿ ಹ್ಯಾರಿ 11ರಿಂದ 17. 2011ರ ಜುಲೈನಲ್ಲಿ ಕೊನೆ ಸಿನಿಮಾ ಬಂದಾಗ ಡೇನಿಯಲ್ ರ್‍ಯಾಡ್‌ಕ್ಲಿಫ್‌ಗೆ 22 ತುಂಬೋಕೆ ಎಂಟು ದಿನ ಬಾಕಿ. ಸೀಸನ್‌ಗಳ ನಡುವೆ ಎರಡೆರಡು ವರ್ಷ ಬಿಟ್ರೆ ಈ ಸಲನೂ ಅದೇ ಪಾಡು. ಹ್ಯಾರಿಯ ಮಾಯಾ ಶಾಲೆಯ ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಆಗಿ ಜಾನ್ ಲಿತ್‌ಗೋ, 1945ರಲ್ಲಿ ಹುಟ್ಟಿದವರು. ಮೊದಲ ಡಂಬಲ್‌ಡೋರ್ ರಿಚರ್ಡ್ ಹ್ಯಾರಿಸ್ ಎರಡೇ ಸಿನಿಮಾ ಮಾಡಿ 2002ರಲ್ಲಿ ತೀರ್ಕೊಂಡ್ರು. ಹತ್ತು ವರ್ಷದ ಕೆಲಸಕ್ಕೆ ಇವರನ್ನ ಹಾಕ್ಕೊಂಡದ್ದು ಧೈರ್ಯವೋ, ಹುಂಬತನವೋ. ಅಲ್ಲಿನ ಮೇಷ್ಟ್ರು ಸ್ನೇಪ್ ಆಗಿ ಕಪ್ಪು ವರ್ಣದ ನಟ ಪಾಪಾ ಎಸಿಯೆಡು: ಬಣ್ಣದ ಬಗ್ಗೆ ಬೈತಿರೋರು ಮೊದಲು ಅವರ ನಟನೆ ನೋಡಿ, ಆಮೇಲೆ ಮಾತಾಡೋಣ. ಶಾಲೆಯ ದೈತ್ಯ ಕಾವಲುಗಾರ ಹ್ಯಾಗ್ರಿಡ್ ಆಗಿ ನಿಕ್ ಫ್ರಾಸ್ಟ್, ನಂಗೆ ಕಣ್ಣು ಮುಚ್ಕೊಂಡು ಓಕೆ.

ಇನ್ನೊಂದು, ಶಾಲೆಯಲ್ಲಿ ಕಿತಾಪತಿ ಮಾಡೋ ಪೀವ್ಸ್ ಭೂತ. ಮೊದಲ ಸಿನಿಮಾಕ್ಕೆ ರಿಕ್ ಮೇಯಲ್ ಅವರಿಂದ ಶೂಟ್ ಮಾಡಿಸಿ, ಆಮೇಲೆ ಪೂರ್ತಿ ಕತ್ತರಿಸಿದ್ರು. ಎಂಟು ಸಿನಿಮಾದಲ್ಲೂ ಅವನಿಲ್ಲ. ಐದನೇ ಪುಸ್ತಕದಲ್ಲಿ ಅವನು ಚಾವಣಿಯ ತೂಗುದೀಪದ ಸ್ಕ್ರೂ ಬಿಚ್ತಿರ್ತಾನೆ. ಅಷ್ಟು ಶಿಸ್ತಿನ ಪ್ರೊಫೆಸರ್ ಮೆಕ್‌ಗೊನಗಲ್ ಪಕ್ಕದಲ್ಲೇ ಹಾದು ಹೋಗ್ತಾ, ತುಟಿ ಅಲ್ಲಾಡಿಸದೆ ಹೇಳ್ತಾರೆ, ಅದನ್ನ ತಿರುಗಿಸ್ಬೇಕಾದ್ದು ಆ ಕಡೆಗಲ್ಲ, ಈ—

[ಲೈಟ್ ಆರುತ್ತದೆ. ಕತ್ತಲಲ್ಲಿ ಮಳೆ ಸದ್ದು, ನಿರೂಪಕರ ಧ್ವನಿ.]

ಬಿಚ್ಚೇಬಿಟ್ಟ ನೋಡಿ.